‘ಲೇಟ್’ ಪದವನ್ನು ಬೇರಿನಿಂದ ಕಲಿಯುವುದು ಹೇಗೆ?

‘ಸಾರಿ, ಲೇಟಾಯ್ತು’ ಅಂತ ದಿನಕ್ಕೆ ಒಂದು ಸಲವಾದರೂ ಹೇಳುತ್ತೇವೆ. ಪದ ನಮ್ಮದೇ ಅನ್ನುವಷ್ಟು ಬಾಯಿಗೆ ಹತ್ತಿದೆ. ಆದರೆ ಇಂಗ್ಲಿಷ್‌ನಲ್ಲಿ ಮೇಲ್ ಬರೆಯಲು ಕೂತರೆ ಇದೇ ಪದ ಕೈ ಕೊಡುತ್ತದೆ. ಒಂದೊಂದೇ ಅರ್ಥ ಬಾಯಿಪಾಠ ಮಾಡಬೇಡಿ, ಬೇರು ಹಿಡಿಯಿರಿ.

ಹಳೆಯ ಇಂಗ್ಲಿಷ್‌ನಲ್ಲಿ ಇದು ‘ಲ್ಯಾಟ್’. ಅರ್ಥ ‘ನಿಧಾನ, ಮಂದ’. ನಿಧಾನ ಮಾಡುವವನು ಹೊತ್ತು ಮೀರಿ ಬರುತ್ತಾನೆ, ಅಲ್ವಾ? ಹಾಗೆ ನಡಿಗೆಯ ಮಾತು ಹೊತ್ತಿನ ಮಾತಾಯಿತು. ‘ಲಾಸ್ಟ್’ ಕೂಡ ಇದೇ ಮನೆಯದು. ಎಲ್ಲರಿಗಿಂತ ಲೇಟಾದದ್ದೇ ಲಾಸ್ಟ್.

ಈಗ ನಿಮ್ಮ ಪಾಸ್‌ಪೋರ್ಟ್ ತೆಗೆದು ನೋಡಿ. ಅದರ ಒಳಗೆ, ಇದನ್ನು ಹಿಡಿದು ಬಂದವರನ್ನು ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಓಡಾಡಲು ಬಿಡಿ ಅಂತ ರಾಷ್ಟ್ರಪತಿಗಳ ಹೆಸರಿನಲ್ಲಿ ಒಂದು ಕೋರಿಕೆ ಅಚ್ಚಾಗಿರುತ್ತದೆ. ಇಲ್ಲಿ ‘ಲೆಟ್’ ಅಂದರೆ ‘ಬಿಡು’ ಅಲ್ಲ, ‘ತಡೆ’! ಇದು ಬೇರೆಯದೇ ಪದ, ‘ನಿಧಾನ ಮಾಡಿಸು’ ಅನ್ನುವ ಹಳೆಯ ಕ್ರಿಯಾಪದದಿಂದ ಬಂದದ್ದು, ಅಂದರೆ ಲೇಟ್‌ಗೆ ಹತ್ತಿರದ ನೆಂಟ. ನಮ್ಮಲ್ಲೂ ಹಾಗೇ ಇದೆ ನೋಡಿ: ತಡೆದರೆ ತಡವಾಗುತ್ತದೆ. ಎಲ್ಲಿಯದೋ ಎರಡು ಭಾಷೆ, ಒಂದೇ ಯೋಚನೆ. ನನಗಂತೂ ಇದು ತುಂಬಾ ಇಷ್ಟವಾದ ಜೋಡಿ.

ಇನ್ನು ಬಳಕೆ. ‘ಐ ಕೇಮ್ ಲೇಟ್ಲಿ’ ಅಂತ ಬರೆಯಬೇಡಿ, ‘ಐ ಕೇಮ್ ಲೇಟ್’ ಸಾಕು. ‘ಲೇಟ್ಲಿ’ ಅಂದರೆ ‘ಇತ್ತೀಚೆಗೆ’. ಹೊತ್ತು ಸಾಗಿದಷ್ಟೂ ಹೊಸತು ಬರುತ್ತದೆ, ಅದಕ್ಕೇ ‘ಲೇಟೆಸ್ಟ್’ ಫೋನ್ ಅಂದರೆ ತಡವಾದ ಫೋನ್ ಅಲ್ಲ, ಎಲ್ಲಕ್ಕಿಂತ ಹೊಸದು.

ಜಾಸ್ತಿ ಎಚ್ಚರ ಬೇಕಿರುವುದು ಸಾವಿನ ಮಾತಿನಲ್ಲಿ. ಪಹಣಿ, ಕ್ರಯಪತ್ರಗಳಲ್ಲಿ ‘ಇಂಥವರು ಬಿನ್ ಲೇಟ್ ಇಂಥವರು’ ಅಂತ ಇರುತ್ತದಲ್ಲ, ಆ ಲೇಟ್ ಅಂದರೆ ದಿವಂಗತ. ಈ ಅರ್ಥ ಇಂಗ್ಲಿಷ್‌ಗೆ ಬಂದದ್ದು 15ನೇ ಶತಮಾನದಲ್ಲಿ. ‘ಇತ್ತೀಚಿನವರೆಗೂ ಇದ್ದವರು’ ಅನ್ನುವುದು ಅದರ ಒಳಗಿನ ಮಾತು. ಅದಕ್ಕೇ ನೂರಾರು ವರ್ಷ ಹಿಂದಿನವರಿಗೆ ಇದನ್ನು ಹಚ್ಚುವುದಿಲ್ಲ. ‘ಲೇಟ್ ಕೆಂಪೇಗೌಡರು’ ಅಂತ ಯಾರಾದರೂ ಬರೆಯುತ್ತಾರಾ?

ಈ ಅರ್ಥ ಬೇಕಾದಾಗ ಪದವನ್ನು ವ್ಯಕ್ತಿಯ ಮುಂದೆ ಇಡಿ: ‘ಮೈ ಲೇಟ್ ಫಾದರ್’. ‘ಮೈ ಫಾದರ್ ಈಸ್ ಲೇಟ್’ ಅಂತ ಬರೆದರೆ, ಹೊರದೇಶದಲ್ಲಿ ಓದುವವರು ಅಪ್ಪ ಇನ್ನೂ ದಾರಿಯಲ್ಲಿದ್ದಾರೆ, ಸ್ವಲ್ಪ ಕಾಯೋಣ ಅಂದುಕೊಳ್ಳುತ್ತಾರೆ. ರಜೆ ಕೇಳಿ ಬರೆಯುವ ಮೇಲ್‌ನಲ್ಲಿ, ಮನಸ್ಸು ಭಾರವಾಗಿರುವ ಹೊತ್ತಿನಲ್ಲಿ, ಇಂಥ ಗೊಂದಲ ಯಾರಿಗೂ ಬೇಡ. ಅಲ್ಲಿ ‘ಪಾಸ್ಡ್ ಅವೇ’ ಅಂತಲೇ ಬರೆದುಬಿಡಿ.