ಪಫರ್ ಮೀನಿಗಾಗಿ ಬಸವನಹುಳು ಸಾಕಿದ ಕತೆ: ನನ್ನ ಅನುಭವ

ನಮ್ಮ ಮನೆ ಕೊಡಗಿನ ನಾಪೋಕ್ಲು ಕಡೆ. ಕಾಫಿ, ಕರಿಮೆಣಸು, ಮನೆ ಕೆಳಗೆ ಒಂದಿಷ್ಟು ಗದ್ದೆ. ಮೀನಿನ ಹುಚ್ಚು ಚಿಕ್ಕಂದಿನಿಂದಲೂ ಇದೆ. ನಾಲ್ಕು ವರ್ಷದ ಹಿಂದೆ ಆರು ಪೀ ಪಫರ್ ತಂದೆ. ಅಲ್ಲಿಂದ ಮುಂದೆ ನನ್ನ ಬೆಳಗ್ಗೆ ಸಂಜೆ ಎಲ್ಲಾ ಬಸವನಹುಳುವಿಗೇ ಹೋಯಿತು. ಈ ಮೀನು ಸಾಕಬೇಕು ಅಂತ ಯಾರಾದರೂ ಬಂದರೆ ನಾನು ಹೇಳುವುದು ಇಷ್ಟೇ: ಮೊದಲು ಹುಳು ಸಾಕಿ. ಎರಡು ಮೂರು ತಿಂಗಳು ಹುಳು ಚೆನ್ನಾಗಿ ಹೆಚ್ಚಿದರೆ ಆಮೇಲೆ ಮೀನು ತನ್ನಿ. ನಾನು ಉಲ್ಟಾ ಮಾಡಿದ್ದೆ.

ಪೀ ಪಫರ್ ಗೊತ್ತಿಲ್ಲದವರಿಗೆ ಎರಡು ಮಾತು. ಪೂರ್ತಿ ಬೆಳೆದರೂ ಎರಡೂವರೆ, ಮೂರು ಸೆಂಟಿಮೀಟರ್ ಅಷ್ಟೇ. ಹಳದಿ ಹಸಿರು ಮೈ, ಮೇಲೆ ಕಪ್ಪು ಮಚ್ಚೆ. ಪಫರ್ ಜಾತಿಯಲ್ಲಿ ಸಮುದ್ರದವೇ ಜಾಸ್ತಿ, ಆದರೆ ಇದು ಪೂರ್ತಿ ಸಿಹಿನೀರಿನದು. 1941ರಲ್ಲಿ ಹೋರಾ ಮತ್ತು ನಾಯರ್ ಎಂಬ ವಿಜ್ಞಾನಿಗಳು ಕೇರಳದ ಪಂಪಾ ನದಿಯ ಮೀನು ನೋಡಿ ಇದಕ್ಕೆ ಹೆಸರಿಟ್ಟರು. ಹಾಗಾಗಿ ವೈಜ್ಞಾನಿಕ ಹೆಸರಿನಲ್ಲೇ ತಿರುವಾಂಕೂರು ಸೇರಿಕೊಂಡಿದೆ. ಪಶ್ಚಿಮಕ್ಕೆ ಹರಿಯುವ ನದಿಗಳೇ ಇದರ ಮನೆ. ನಮ್ಮ ಕಾವೇರಿ ಪೂರ್ವಕ್ಕೆ ಹೋಗುವವಳು, ಅಲ್ಲಿಗೆ ಇದನ್ನು ಬಿಡಬಾರದು. ಅಂಗಡಿಗೆ ಬರುವ ಪಫರ್‌ಗಳಲ್ಲಿ ಹೆಚ್ಚಿನವು ಹೊಳೆಯಿಂದ ಹಿಡಿದವು. ಜೀವಿಗಳ ಉಳಿವಿಗಾಗಿ ಕೆಲಸ ಮಾಡುವ ಐಯುಸಿಎನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಇದನ್ನು ಅಳಿವಿನ ಅಪಾಯ ಇರುವ ಮೀನುಗಳ ಪಟ್ಟಿಗೆ ಸೇರಿಸಿದೆ. ತಂದ ಮೇಲೆ ಒಂದೂ ಸಾಯಬಾರದು ಅಂತ ನನಗೆ ಅನಿಸಿದ್ದು ಅದಕ್ಕೇ.

ಟ್ಯಾಂಕ್ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಹತ್ತಿರ ಹತ್ತಿರ 55 ಲೀಟರ್ ನೀರು ಹಿಡಿಯುತ್ತದೆ. ಸ್ಪಂಜ್ ಫಿಲ್ಟರ್, ಜಾವಾ ಮಾಸ್, ಹಾರ್ನ್‌ವರ್ಟ್ ಎಂಬ ನೀರಿನ ಗಿಡಗಳು, ಒಂದು ಮರದ ಬೇರು. ಗಿಡ ಒತ್ತಾಗಿರಲೇಬೇಕು, ಯಾಕಂದ್ರೆ ಗಂಡು ಮೀನುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ, ಮರೆಯಾಗಲು ಜಾಗ ಬೇಕು. ಬೇರೆ ಮೀನು ಜೊತೆಗೆ ಬೇಡ, ರೆಕ್ಕೆ ಬಾಲ ಕಚ್ಚಿ ಹಾಕುತ್ತವೆ. ಡಿಸೆಂಬರ್, ಜನವರಿಯಲ್ಲಿ ನಮ್ಮಲ್ಲಿ ರಾತ್ರಿ ಚಳಿ ಜೋರು, ಹೀಟರ್ ಇಲ್ಲದೆ ಆಗುವುದಿಲ್ಲ. ನಾನು 26 ಡಿಗ್ರಿಗೆ ಇಡುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟ್ಯಾಂಕಿನ ಸುತ್ತ ಥರ್ಮಾಕೋಲ್, ಮೇಲೊಂದು ಕಂಬಳಿ. ಗಾಳಿಗೆ ಬ್ಯಾಟರಿ ಪಂಪ್.

ಇಷ್ಟೆಲ್ಲಾ ಸರಿಯಾಗಿತ್ತು. ತಿನ್ನಲು ಏನು ಕೊಡಬೇಕು ಅನ್ನುವುದೇ ಗೊತ್ತಿರಲಿಲ್ಲ. ಪ್ಯಾಕೆಟ್ ಆಹಾರ ಹಾಕಿದರೆ ಹತ್ತಿರ ಬರುತ್ತವೆ, ನೋಡುತ್ತವೆ, ತಿರುಗಿ ಹೋಗುತ್ತವೆ. ಫ್ರೀಜರಿನಲ್ಲಿಡುವ ಬ್ಲಡ್‌ವರ್ಮ್ ಎಂಬ ಕೆಂಪು ಮರಿಹುಳ ಕೊಟ್ಟೆ. ಅದನ್ನು ತಿಂದವು. ಆದರೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಿದ್ದರೆ ಫ್ರೀಜರ್ ಇದ್ದೂ ಇಲ್ಲದಂತೆ. ಡ್ರಮ್ಮಿನಲ್ಲಿ ಸಿಗುವ ಸೊಳ್ಳೆ ಮರಿಗಳನ್ನು ಇಷ್ಟಪಟ್ಟು ತಿನ್ನುತ್ತವೆ, ಅವೂ ದಿನಾ ಸಿಗುವುದಿಲ್ಲ. ಪಫರ್‌ನ ಹಲ್ಲು ಗಿಳಿಯ ಕೊಕ್ಕಿನ ಹಾಗೆ, ಬೆಳೆಯುತ್ತಲೇ ಇರುತ್ತದೆ. ಚಿಪ್ಪು ಕಡಿದರೆ ಸವೆಯುತ್ತದೆ. ಅಂದರೆ ಬಸವನಹುಳು ಅದಕ್ಕೆ ಹೊಟ್ಟೆಗೂ ಬೇಕು, ಹಲ್ಲಿಗೂ ಬೇಕು.

ಮೊದಲು ಗದ್ದೆಗೆ ಇಳಿದು ಹುಳು ಹೆಕ್ಕಿ ತಂದೆ. ಇದನ್ನು ಯಾರೂ ಮಾಡಬೇಡಿ. ಗದ್ದೆ, ತೋಡಿನ ಹುಳುಗಳಲ್ಲಿ ದನಗಳಿಗೆ ಬರುವ ಚಪ್ಪಟೆ ಹುಳುಗಳ ಮರಿಗಳು ಇರುತ್ತವೆ. ಗದ್ದೆಯಲ್ಲಿ ನಿಂತವರಿಗೆ ಕಾಲು ತುರಿಕೆ ಬರುವುದಕ್ಕೂ ಅದೊಂದು ಕಾರಣ. ಒಬ್ಬ ಪಶುವೈದ್ಯ ಗೆಳೆಯ ಇದನ್ನು ಹೇಳಿದ ಮೇಲೆ ದಾರಿ ಬದಲಿಸಿದೆ. ದೊಡ್ಡ ಹುಳುಗಳನ್ನು ಬೇರೆ ಬಕೆಟ್ಟಿನಲ್ಲಿಟ್ಟು, ಅವು ಎಲೆಯ ಮೇಲೆ ಇಟ್ಟ ಮೊಟ್ಟೆಯನ್ನಷ್ಟೇ ತೆಗೆದುಕೊಂಡೆ. ಮೊಟ್ಟೆ ಅಂದರೆ ಸಬ್ಬಕ್ಕಿ ಪಾಯಸದ ಒಂದು ಹನಿ ಎಲೆಗೆ ಅಂಟಿದ ಹಾಗೆ, ಅದರೊಳಗೆ ಹತ್ತು ಇಪ್ಪತ್ತು ಚುಕ್ಕೆ. ಅದನ್ನು ಎಲೆ ಸಮೇತ ಕತ್ತರಿಸಿ, ತೊಳೆದು, ಹೊಸ ಟಬ್ಬಿಗೆ ಹಾಕಿದೆ. ಮೊಟ್ಟೆಯಿಂದ ಬಂದ ಮರಿಗೆ ಆ ರೋಗ ತಾಯಿಯಿಂದ ಬರುವುದಿಲ್ಲ. ಆಮೇಲೆ ಬೆಂಗಳೂರಿನ ಗೆಳೆಯರೊಬ್ಬರು ಕೆಂಪು ರ್‍ಯಾಮ್ಸ್‌ಹಾರ್ನ್ ಬಸವನಹುಳು ಕೊಟ್ಟರು. ಈಗ ನನ್ನ ಹತ್ತಿರ ಇರುವುದು ಹೆಚ್ಚಾಗಿ ಅದೇ, ಜೊತೆಗೆ ಎಡಕ್ಕೆ ಸುತ್ತಿದ ತೆಳು ಚಿಪ್ಪಿನ ಬ್ಲಾಡರ್ ಹುಳು. ಉದ್ದ ಮೊನೆಯ ಟ್ರಂಪೆಟ್ ಹುಳು ಕೊಡಬೇಡಿ, ಅದರ ಚಿಪ್ಪು ಈ ಪುಟ್ಟ ಬಾಯಿಗೆ ತೀರಾ ಗಟ್ಟಿ. ಇನ್ನು ಶನಿವಾರಸಂತೆ ಕಡೆ ತೋಟಗಳಿಗೆ ಕಾಟ ಕೊಡುವ ಆಫ್ರಿಕನ್ ಶಂಖದ ಹುಳು ನೆಲದ್ದು. ಅದನ್ನು ಕೊಲ್ಲಲು ವಿಷದ ಗುಳಿಗೆ ಹಾಕಿರುತ್ತಾರೆ. ಅದರ ಹತ್ತಿರವೇ ಹೋಗಬೇಡಿ.

ಮೊಟ್ಟೆ ಒಡೆದು ಮರಿ ಬಂತು. ಎರಡು ವಾರ ಖುಷಿಯೋ ಖುಷಿ. ಆಮೇಲೆ ನೋಡಿದರೆ ಚಿಪ್ಪಿನ ಮೇಲೆ ಬಿಳಿ ಬಿಳಿ ಕಲೆ. ಒಂದು ತಿಂಗಳಿಗೆ ನಡುವಿನಲ್ಲೇ ತೂತು. ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ರೋಗ ಅಂದುಕೊಂಡೆ. ನೀರು ಬದಲಿಸಿದೆ. ಬದಲಿಸಿದಷ್ಟೂ ಜಾಸ್ತಿ ಆಯಿತು.

ಆಗ ಮೈಸೂರಿನಿಂದ ಚಿಕ್ಕಮ್ಮ ಬಂದಿದ್ದರು. ಬಟ್ಟೆ ಒಗೆಯುತ್ತಾ "ಏನೋ ಇದು, ಎಷ್ಟು ನೀರು ಹಾಕಿದ್ರೂ ನೊರೆ ಹೋಗೋದೇ ಇಲ್ವಲ್ಲೋ" ಅಂದರು. ಅವ್ವ ಒಳಗಿನಿಂದಲೇ "ನಮ್ಮ ನೀರೇ ಹಾಗೆ, ಸೋಪು ಸ್ವಲ್ಪ ಹಾಕು" ಅಂದರು. ನಾನು ಅಲ್ಲೇ ನಿಂತುಬಿಟ್ಟೆ. ಸೋಪು ಬೇಗ ನೊರೆ ಬರುತ್ತದೆ ಅಂದರೆ ಮೆದು ನೀರು. ಮೆದು ನೀರು ಅಂದರೆ ಸುಣ್ಣದ ಅಂಶ ಇಲ್ಲ. ನಮ್ಮ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟಿದ್ದನ್ನು ನಾನು ನೋಡಿಯೇ ಇಲ್ಲ. ಇಷ್ಟು ಮಳೆ ಬೀಳುವ ಊರು, ಮಣ್ಣಿನ ಸುಣ್ಣವೆಲ್ಲ ತೊಳೆದು ಹೋಗಿರುತ್ತದೆ. ಮಣ್ಣು ಹುಳಿ ಆಗಿದೆ ಅಂತ ನಾವೇ ತೋಟಕ್ಕೆ ಸುಣ್ಣ ಹಾಕುತ್ತೇವೆ ಅಲ್ವಾ? ಆ ಮಣ್ಣಿನಿಂದ ಬರುವ ನೀರಿನಲ್ಲಿ ಹುಳು ಚಿಪ್ಪು ಎಲ್ಲಿಂದ ಕಟ್ಟಬೇಕು? ಕಟ್ಟಿದ್ದೂ ಕರಗುತ್ತಿತ್ತು.

ಹಾಗಂತ ತೋಟದ ಸುಣ್ಣವನ್ನು ಟಬ್ಬಿಗೆ ಸುರಿಯಬಾರದು. ಸುಟ್ಟ ಸುಣ್ಣ, ಅರಳಿದ ಸುಣ್ಣ ನೀರನ್ನು ಒಮ್ಮೆಲೇ ಕ್ಷಾರ ಮಾಡಿ ಎಲ್ಲವನ್ನೂ ಕೊಲ್ಲುತ್ತದೆ. ನಿಧಾನವಾಗಿ ಕರಗುವುದು ಬೇಕು. ಲವ್‌ಬರ್ಡ್ಸ್ ಪಂಜರಕ್ಕೆ ತೂಗುಹಾಕುವ ಕಟಲ್‌ಫಿಶ್ ಮೂಳೆ ತಂದು, ಅರ್ಧ ಅರ್ಧ ಟಬ್ಬಿಗೆ ಹಾಕಿದೆ. ಕಣ್ಣೂರು ಕಡಲತೀರದಿಂದ ತಂದ ಕಪ್ಪೆಚಿಪ್ಪನ್ನು ಕುದಿಸಿ, ಪುಡಿ ಮಾಡಿ, ಸೊಳ್ಳೆಪರದೆ ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಟ್ಟೆ. ಕೋಳಿ ಮೊಟ್ಟೆ ಸಿಪ್ಪೆ ಕೂಡ ಆಗುತ್ತದೆ, ಒಳಗಿನ ಪೊರೆ ತೆಗೆದು ಒಣಗಿಸಿ ಪುಡಿ ಮಾಡಬೇಕು, ಇಲ್ಲದಿದ್ದರೆ ನೀರು ನಾರುತ್ತದೆ. ಮೂರು ವಾರದಲ್ಲಿ ಚಿಪ್ಪಿನ ಅಂಚಿನಲ್ಲಿ ಹೊಸ ಬೆಳವಣಿಗೆ ಕಂಡಿತು. ಹಳೆಯ ಭಾಗ ಬಿಳಿ, ಹೊಸ ಭಾಗ ನುಣುಪು, ಮಧ್ಯೆ ಗೆರೆ ಎಳೆದ ಹಾಗೆ. ಆ ಹುಳುಗಳಲ್ಲಿ ಒಂದು ಚಿಪ್ಪನ್ನು ಇನ್ನೂ ಎತ್ತಿಟ್ಟಿದ್ದೇನೆ.

ಇನ್ನೊಂದು ಪೆಟ್ಟು ಬಿದ್ದದ್ದು ಮೇ ಕೊನೆಗೆ. ಮಳೆಗೆ ಮುಂಚೆ ಮೆಣಸಿಗೆ, ಕಾಫಿಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ನೆನೆಸಿದ ಪ್ಲಾಸ್ಟಿಕ್ ಬಕೆಟ್ಟನ್ನು ಎರಡು ಸಲ ತೊಳೆದು, ಅದರಲ್ಲೇ ನೀರು ತಂದು ಹುಳುವಿನ ಟಬ್ಬಿಗೆ ಹಾಕಿದೆ. ನೀರಿನಲ್ಲಿ ಬಣ್ಣ ಏನೂ ಕಾಣಲಿಲ್ಲ. ಬೆಳಗ್ಗೆ ನೋಡಿದರೆ ಗೋಡೆ ಹತ್ತಿದ ಹುಳು ಒಂದೂ ಇಲ್ಲ. ಎಲ್ಲಾ ತಳದಲ್ಲಿ, ಮೈ ಅರ್ಧ ಹೊರಗೆ ಜೋತುಬಿದ್ದು. ಮೈಲುತುತ್ತ ಅಂದರೆ ತಾಮ್ರ. ಬಸವನಹುಳು ಕೊಲ್ಲಲೆಂದೇ ಅದನ್ನು ಬಳಸುವವರಿದ್ದಾರೆ, ಒಂದಿಷ್ಟು ಉಳಿದರೂ ಸಾಕು. ಐದು ತಿಂಗಳ ಕೆಲಸ ಒಂದು ರಾತ್ರಿಗೆ ಹೋಯಿತು. ಅಂದಿನಿಂದ ಮೀನಿನ ಬಕೆಟ್ಟು, ಮಗ್ಗು ಎರಡಕ್ಕೂ ಕೆಂಪು ದಾರ ಕಟ್ಟಿದ್ದೇನೆ, ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಬಚ್ಚಲ ಮನೆಯ ತಾಮ್ರದ ಹಂಡೆಯ ಬಿಸಿನೀರನ್ನೂ ಬೆರೆಸುವುದಿಲ್ಲ. ಅಂಗಡಿಯ ಕೆಲವು ಮೀನಿನ ಔಷಧಿಯಲ್ಲೂ ತಾಮ್ರ ಇರುತ್ತದೆ, ಚೀಟಿ ಓದಿ.

ಈಗ ಮೂರು ಟಬ್ ಇದೆ, ಒಂದೊಂದೂ 20 ಲೀಟರಿನದು. ಎಲ್ಲಾ ಹುಳುವನ್ನೂ ಒಂದೇ ಕಡೆ ಇಡುವುದನ್ನು ಬಿಟ್ಟೆ. ಹುಳುಗಳಿಗೆ ಬೇಯಿಸಿದ ಪಾಲಕ್, ಸೌತೆ, ವಾರಕ್ಕೆರಡು ಸಲ ಮೀನಿನ ಆಹಾರದ ಗುಳಿಗೆ ಒಂದೆರಡು. ಸೊಪ್ಪು ನಮ್ಮ ಹಿತ್ತಲಿನದ್ದೇ, ಸಂತೆಯದ್ದಕ್ಕೆ ಔಷಧಿ ಹೊಡೆದಿರುತ್ತಾರೆ. ರಾತ್ರಿ ಸೌತೆ ಬಿಲ್ಲೆ ಒಂದು ಇಳಿಬಿಟ್ಟರೆ ಬೆಳಗ್ಗೆ ಅದರ ತುಂಬಾ ಹುಳು, ಹಾಗೇ ಎತ್ತಿದರೆ ಆಯಿತು. ಮೂರು ನಾಲ್ಕು ಮಿಲಿಮೀಟರಿನವು ಮೀನಿಗೆ, ದೊಡ್ಡವು ಮೊಟ್ಟೆ ಇಡಲು ವಾಪಸ್. ಒಂದು ಮೀನಿಗೆ ದಿನಕ್ಕೆ ಎರಡು ಮೂರು. ವಾರದಲ್ಲಿ ಒಂದು ದಿನ ಏನೂ ಇಲ್ಲ. ಚಳಿಗಾಲದಲ್ಲಿ ಮೊಟ್ಟೆ ಒಡೆಯುವುದು ತಡ, ಆಗ ಟಬ್ಬನ್ನು ಅಡುಗೆಮನೆಯ ಒಲೆಯ ಪಕ್ಕದ ಗೋಡೆಗೆ ತರುತ್ತೇನೆ.

ಮೀನು ಹುಳು ಹಿಡಿಯುವುದನ್ನು ನೋಡಬೇಕು. ಹಾಕಿದ ತಕ್ಷಣ ಮುಗಿಬೀಳುವುದಿಲ್ಲ. ಹುಳುವಿನ ಎದುರು ನೀರಿನಲ್ಲೇ ನಿಲ್ಲುತ್ತದೆ, ಸಣ್ಣ ರೆಕ್ಕೆ ಮಾತ್ರ ಪಟಪಟ. ಒಂದು ಕಣ್ಣು ಹುಳುವಿನ ಮೇಲೆ, ಇನ್ನೊಂದು ಕಣ್ಣು ಬೇರೆ ಕಡೆ ತಿರುಗುತ್ತಿರುತ್ತದೆ. ಬಾಲ ಪಕ್ಕಕ್ಕೆ ಬಾಗುತ್ತದೆ. ಹುಳು ಚಿಪ್ಪಿನಿಂದ ಮೈ ಹೊರಗೆ ಚಾಚುವ ತನಕ ಕಾಯುತ್ತದೆ. ಚಾಚಿತೋ, ಒಂದೇ ಏಟು. ಸಣ್ಣದಾದರೆ ಚಿಪ್ಪು ಸಮೇತ ಪುಡಿ. ಖಾಲಿ ಚಿಪ್ಪು ತಳದಲ್ಲಿ ಉಳಿದರೆ ನಾನು ತೆಗೆಯುವುದಿಲ್ಲ, ನಿಧಾನವಾಗಿ ಕರಗಿ ಆ ನೀರಿಗೂ ಸುಣ್ಣ ಸಿಗುತ್ತದೆ.

ತಂದ ಆರರಲ್ಲಿ ಒಂದು ಮಾತ್ರ ಹೋಯಿತು. ತಿಂದರೂ ಹೊಟ್ಟೆ ಒಳಗೆ ಹೋಗಿತ್ತು, ಹೊಟ್ಟೆಯ ಜಂತುಹುಳುವಿನ ಲಕ್ಷಣ ಅದು. ಹೊಳೆಯಿಂದ ಹಿಡಿದ ಮೀನಿಗೆ ಇದು ಸಾಮಾನ್ಯ. ಕೊಳ್ಳುವಾಗ ಹೊಟ್ಟೆ ದುಂಡಗಿರುವುದನ್ನೇ ಆರಿಸಿ, ಒಂದು ತಿಂಗಳು ಬೇರೆ ಇಡಿ. ಸಾಗಿಸುವಾಗ ಬಲೆ ಬೇಡ, ಲೋಟದಲ್ಲಿ ನೀರಿನ ಜೊತೆಗೇ ಎತ್ತಿ. ಗಾಳಿಯಲ್ಲಿ ಉಬ್ಬಿಕೊಂಡರೆ ಆ ಗಾಳಿ ಹೊರಗೆ ಹಾಕಲು ಅದಕ್ಕೆ ಕಷ್ಟ.

ಹೋದ ವರ್ಷ ಜಾವಾ ಮಾಸ್‌ನಲ್ಲಿ ಮೊಟ್ಟೆ ಸಿಕ್ಕಿತು. ಗಂಡಿನ ಹೊಟ್ಟೆಯ ಕೆಳಗೆ ಕಪ್ಪು ಗೆರೆ ಗಾಢವಾಗಿತ್ತು, ಎರಡು ದಿನದಿಂದ ಹೆಣ್ಣಿನ ಹಿಂದೆಯೇ ಇತ್ತು. ಮಾಸ್ ಸಮೇತ ಮೊಟ್ಟೆಗಳನ್ನು ಬೇರೆ ಡಬ್ಬಿಗೆ ಹಾಕಿದೆ. ಆರನೇ ದಿನ ಮರಿ. ಮೊದಲು ಹಸಿರು ನೀರಿನ ಸೂಕ್ಷ್ಮ ಜೀವಿಗಳು, ಆಮೇಲೆ ಆಗಷ್ಟೇ ಮೊಟ್ಟೆಯಿಂದ ಹೊರಬಂದ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿಯ ಮರಿಗಳು. ಏಳು ಮರಿ ಉಳಿದವು. ಮೂರು ಮಡಿಕೇರಿಯ ಗೆಳೆಯನ ಮನೆಯಲ್ಲಿವೆ. ಕೊಡುವ ಮುಂಚೆ ಅವನಿಗೆ ಒಂದು ಟಬ್ ಹುಳು, ಅರ್ಧ ಕಟಲ್‌ಫಿಶ್ ಮೂಳೆ ಕೊಟ್ಟು ಮೂರು ತಿಂಗಳು ಕಾಯಿಸಿದ್ದೆ. ಹೋದ ವಾರ ಫೋನ್ ಮಾಡಿ, ಹುಳು ಜಾಸ್ತಿಯಾಗಿದೆ, ಇನ್ನೊಂದು ಟಬ್ ತರಬೇಕು ಅಂದ.