ಹಳೆ ಲ್ಯಾಟಿನ್ ಪೂಜೆಗೆ ಪೀಠಸೇವೆ ಕಲಿತದ್ದು: ನನ್ನ ಅನುಭವ

ಕ್ಯಾಥೊಲಿಕ್ ಚರ್ಚಿನ ಹಳೆಯ ಲ್ಯಾಟಿನ್ ಬಲಿಪೂಜೆ (1969ರಲ್ಲಿ ಹೊಸ ಪೂಜಾವಿಧಿ ಬರುವ ಮುಂಚಿನದು) ಬೇಕೋ ಬೇಡವೋ ಅಂತ ಜಗಳ ಆಡುವವರಲ್ಲಿ ಅದನ್ನು ಕಣ್ಣಾರೆ ನೋಡಿದವರೇ ಕಡಿಮೆ. ಪೀಠಸೇವೆ, ಅಂದರೆ ಪೂಜೆ ನಡೆಸುವ ಗುರುಗಳಿಗೆ ಪೀಠದ ಬಳಿ ನೆರವಾಗುವ ಕೆಲಸ, ಮಾಡಿದವರಂತೂ ಇನ್ನೂ ಕಡಿಮೆ. ನಾನು ದೊಡ್ಡವನಾದ ಮೇಲೆ ಅದನ್ನು ಕಲಿತೆ. ಮಂಡಿ ಗಟ್ಟಿ ಇರುವಾಗಲೇ ಕಲಿಯುವುದು ಒಳ್ಳೆಯದು ಬಿಡಿ.

ನಾನು ಕಲಿತದ್ದು ‘ಲೋ ಮಾಸ್’. ಹಾಡಿಲ್ಲ, ಧೂಪವಿಲ್ಲ. ಒಬ್ಬರು ಗುರುಗಳು, ಒಬ್ಬ ಸೇವಕ. ಜನರ ಪರವಾಗಿ ಉತ್ತರ ಹೇಳುವುದು ಸೇವಕನ ಕೆಲಸ. ಹಾಗಾಗಿ ಮೊದಲು ಬಾಯಿಪಾಠ. ಪೀಠದ ಮೆಟ್ಟಿಲ ಕೆಳಗೆ ಕೀರ್ತನೆ 42ನ್ನು (ಈಗಿನ ಬೈಬಲ್‌ಗಳಲ್ಲಿ 43) ಸಾಲು ಬಿಟ್ಟು ಸಾಲು ಇಬ್ಬರೂ ಹೇಳಬೇಕು. ಅದು ಬೇಗ ಬಂತು. ಕಾಡಿದ್ದು ‘ಸುಷಿಪಿಯಾತ್ ದೋಮಿನುಸ್’. ಗುರುಗಳು ಜನರ ಕಡೆ ತಿರುಗಿ ಪ್ರಾರ್ಥಿಸಿ ಅಂದ ಮೇಲೆ ಸೇವಕ ಒಂದೇ ಉಸಿರಿಗೆ ಹೇಳುವ ಉದ್ದದ ಉತ್ತರ. ಅದನ್ನು ನಾನು ಹಿಂದಿನಿಂದ ಕಲಿತೆ. ಮೊದಲು ಕೊನೆಯ ತುಂಡು, ಆಮೇಲೆ ಅದರ ಹಿಂದಿನದು, ಹೀಗೆ. ಹೇಳುತ್ತಾ ಹೋದಂತೆ ಚೆನ್ನಾಗಿ ಗೊತ್ತಿರುವ ಭಾಗವೇ ಮುಂದೆ ಬರುತ್ತೆ, ನಾಲಿಗೆ ತಡವರಿಸಲ್ಲ.

ನಿಜವಾದ ಕಷ್ಟ ಇರುವುದು ಪುಸ್ತಕ ಹೊರುವುದರಲ್ಲಿ. ಶುಭಸಂದೇಶದ ವಾಚನಕ್ಕೆ ಮುಂಚೆ ಪೂಜಾಗ್ರಂಥವನ್ನು ಸ್ಟ್ಯಾಂಡ್ ಸಮೇತ ಪೀಠದ ಬಲಬದಿಯಿಂದ ಎಡಬದಿಗೆ ಒಯ್ಯಬೇಕು. ಮರದ ಸ್ಟ್ಯಾಂಡ್, ದಪ್ಪ ಪುಸ್ತಕ. ಅದನ್ನು ಎತ್ತಿಕೊಂಡು ಮೆಟ್ಟಿಲಿಳಿದು, ನಟ್ಟನಡುವೆ ಮಂಡಿಯೂರಿ ಎದ್ದು, ಮತ್ತೆ ಆ ಕಡೆ ಹತ್ತಬೇಕು. ಪುಸ್ತಕ ಎದೆಗೆ ಅಡ್ಡ ಇರುವುದರಿಂದ ಕಾಲ ಕೆಳಗಿನ ಮೆಟ್ಟಿಲು ಕಾಣಲ್ಲ. ಉದ್ದ ಅಂಗಿ ಬೇರೆ. ಕಾಲಿನಲ್ಲೇ ಮೆಟ್ಟಿಲು ಎಣಿಸಿ ಅಭ್ಯಾಸ ಮಾಡಿದೆ. ಅಲ್ಲಿ ಇಟ್ಟ ಮೇಲೆ ಪುಸ್ತಕವನ್ನು ಸ್ವಲ್ಪ ಓರೆ ಮಾಡಬೇಕು. ಪರಮಪ್ರಸಾದ ಮುಗಿದ ಮೇಲೆ ಎಲ್ಲ ತಿರುಗಾ ವಾಪಸ್.

ಇಷ್ಟು ಓಡಾಟದ ನಡುವೆ ಪೂಜೆಯ ನಡುಭಾಗ ಬಂದಾಗ ಗುರುಗಳ ದನಿ ಕೇಳುವುದೇ ಇಲ್ಲ. ಅರ್ಪಣೆಯ ಪ್ರಾರ್ಥನೆಯನ್ನು ಅವರು ಮೆಲ್ಲಗೆ, ತಮಗೆ ಮಾತ್ರ ಕೇಳುವಂತೆ ಹೇಳುತ್ತಾರೆ. ರೊಟ್ಟಿಯನ್ನು ಎತ್ತುವಾಗ ನನ್ನ ಎಡಗೈಯಲ್ಲಿ ಅವರ ಪೂಜಾವಸ್ತ್ರದ ಅಂಚು, ಬಲಗೈಯಲ್ಲಿ ಗಂಟೆ. ಅದು ಬಿಟ್ಟರೆ ಸುಮ್ನೆ ಮಂಡಿಯೂರಿರುವುದು. ಜನ ಈ ಪೂಜೆಗೆ ಬರುವುದು ಲ್ಯಾಟಿನ್ ಮೇಲಿನ ಪ್ರೀತಿಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನಗೇನೋ ಈ ಮೌನಕ್ಕೇ ಬರುತ್ತಾರೆ ಅನ್ನಿಸುತ್ತೆ.

ಈಗ ಜಗಳದ ವಿಷಯ. 2007ರಲ್ಲಿ ಪೋಪ್ 16ನೇ ಬೆನೆಡಿಕ್ಟ್ 1962ರ ಪೂಜಾಗ್ರಂಥದ, ಅಂದರೆ ಈ ಹಳೆ ಪೂಜೆಯ ಪುಸ್ತಕದ, ಬಳಕೆಯನ್ನು ಸಡಿಲ ಮಾಡಿದರು. 2021ರ ಜುಲೈ 16ರಂದು ಪೋಪ್ ಫ್ರಾನ್ಸಿಸ್ ಅದನ್ನು ಮತ್ತೆ ಬಿಗಿ ಮಾಡಿದರು. ಅನುಮತಿ ಕೊಡುವುದು ಧರ್ಮಾಧ್ಯಕ್ಷರ (ಬಿಷಪ್) ಕೈಗೆ ಹೋಯಿತು. ಧರ್ಮಕೇಂದ್ರದ (ಪ್ಯಾರಿಷ್) ಚರ್ಚುಗಳಲ್ಲಿ ಈ ಪೂಜೆ ಬೇಡ ಅಂತಾಯಿತು. ಅದಕ್ಕೆ ವಿನಾಯಿತಿ ಬೇಕಿದ್ದರೆ ರೋಮ್‌ನಿಂದಲೇ ಬರಬೇಕು ಅಂತ 2023ರಲ್ಲಿ ಇನ್ನೂ ಗಟ್ಟಿ ಮಾಡಿದರು. ನಾವೂ ಒಂದು ಚಿಕ್ಕ ಪ್ರಾರ್ಥನಾಲಯಕ್ಕೆ ಹೋದೆವು. ಬೇಸರವಾಯಿತು, ಸುಳ್ಳು ಹೇಳಲ್ಲ. ಆದರೆ 2021ರ ಆ ಆದೇಶದಲ್ಲೇ ಬೈಬಲ್ ವಾಚನಗಳನ್ನು ಜನರ ಭಾಷೆಯಲ್ಲೇ ಓದಬೇಕು ಅಂತಲೂ ಇದೆ. ಅದು ನನಗೆ ಇಷ್ಟವಾಯಿತು. ಪೌಲರ ಪತ್ರವನ್ನು ಅರ್ಥವಾಗದ ಭಾಷೆಯಲ್ಲಿ ಕೇಳುವುದರಲ್ಲಿ ಏನು ಭಕ್ತಿ?

ಹಳೆ ಪೂಜೆ ಚರ್ಚಿನಲ್ಲಿ ಒಡಕು ತರುತ್ತೆ ಅನ್ನುವ ಫ್ರಾನ್ಸಿಸ್ ಅವರ ಆತಂಕಕ್ಕೆ ಕಾರಣ ಇರಲಿಲ್ಲ ಅಂತ ನಾನು ಹೇಳಲಾರೆ. ಪೂಜೆ ಮುಗಿದು ಹೊರಗೆ ನಿಂತಾಗ ಕೆಲವರು ಹೊಸ ಪೂಜೆ ಪೂಜೆಯೇ ಅಲ್ಲ ಅಂತಾರೆ. ಇದು ತಪ್ಪು, ಜೊತೆಗೆ ಅಹಂಕಾರ. ಹಳೆಯದು ಎಂದೂ ಬದಲಾಗಿಲ್ಲ ಅನ್ನುವುದೂ ನಿಜ ಅಲ್ಲ. 1955ರಲ್ಲಿ ಪೋಪ್ 12ನೇ ಪಿಯುಸ್ ಪವಿತ್ರ ವಾರದ (ಈಸ್ಟರ್‌ಗೆ ಮುಂಚಿನ ವಾರ) ವಿಧಿಗಳನ್ನೇ ತಿದ್ದಿದರು. 1962ರಲ್ಲಿ ಪೋಪ್ 23ನೇ ಜಾನ್ ಅರ್ಪಣೆಯ ಪ್ರಾರ್ಥನೆಗೆ ಸಂತ ಜೋಸೆಫರ ಹೆಸರು ಸೇರಿಸಿದರು. ಇನ್ನು ಇದೆಲ್ಲ ಹಳೆ ಕಾಲದ ಗೀಳು ಅನ್ನುವವರು ಒಂದು ಸಲ ಬಂದು ಆ ಬೆಂಚುಗಳನ್ನು ನೋಡಲಿ. ಕೂತವರಲ್ಲಿ ಎಷ್ಟೋ ಜನ 1969ರ ಹೊಸ ಪೂಜಾಗ್ರಂಥ ಬಂದ ಮೇಲೆ ಹುಟ್ಟಿದವರು. ಮರಳಿ ಹೋಗಲು ಅವರಿಗೆ ಹಳೆ ಕಾಲವೇ ಇಲ್ಲವಲ್ಲ!

ನನ್ನ ಮಟ್ಟಿಗೆ ಹೆಚ್ಚು ಬದಲಾದದ್ದು ಹೊಸ ಪೂಜೆಯಲ್ಲಿ ನಾನು ನಡೆದುಕೊಳ್ಳುವ ರೀತಿ. ಅಲ್ಲೂ ಸೇವೆ ಮಾಡುತ್ತೇನೆ. ಪರಮಪ್ರಸಾದದ ನಂತರ ಹಾಡು ತುರುಕದೆ ಸ್ವಲ್ಪ ಹೊತ್ತು ಮೌನ ಇರಲಿ ಅಂತ ಫಾದರ್ ಹತ್ತಿರ ಕೇಳಿದೆ, ಒಪ್ಪಿದರು. ಜನ ತಮ್ಮ ಪಾಲಿನ ಪ್ರಾರ್ಥನೆಗಳನ್ನು ಲ್ಯಾಟಿನ್‌ನಲ್ಲೂ ಹೇಳಲು, ಹಾಡಲು ಬರುವಂತೆ ಮಾಡಬೇಕು ಅಂತ ಎರಡನೇ ವ್ಯಾಟಿಕನ್ ಮಹಾಸಭೆಯೇ (ಜಗತ್ತಿನ ಧರ್ಮಾಧ್ಯಕ್ಷರೆಲ್ಲರ ಸಭೆ) 1963ರಲ್ಲಿ ಹೇಳಿದೆ. ಅದಕ್ಕೆ ಯಾರ ವಿಶೇಷ ಅನುಮತಿಯೂ ಬೇಡ. ಹಾಗಾಗಿ ಗಾಯನ ತಂಡದ ಮಕ್ಕಳಿಗೆ ‘ಸಾಂಕ್ತುಸ್’ (ಪವಿತ್ರ, ಪವಿತ್ರ), ‘ಆಗ್ನುಸ್ ದೇಯಿ’ (ದೇವರ ಕುರಿಮರಿ) ಕಲಿಸಿದ್ದೇನೆ. ‘ಕ್ರೆದೊ’ (ವಿಶ್ವಾಸ ಸಾರುವ ಪ್ರಾರ್ಥನೆ) ತುಂಬಾ ಉದ್ದ. ಅದಕ್ಕೆ ಮಕ್ಕಳು ರೆಡಿ ಇದ್ದಾರೆ, ಹಾರ್ಮೋನಿಯಂ ನುಡಿಸುವವರು ಇನ್ನೂ ಒಪ್ಪಿಲ್ಲ.