ಕುಸ್ತಿ ಯಾತಕ್ಕೆ ಅಂತ ಕೇಳಿದವರಿಗೆ

ಗರಡಿಗೆ ಹೋಗುತ್ತೇನೆ ಅಂದ ಕೂಡಲೇ ಜನ ಕೇಳುವುದು ಒಂದೇ. "ಬೀದಿಯಲ್ಲಿ ಯಾರಾದರೂ ಮೈಮೇಲೆ ಬಂದರೆ ಉಪಯೋಗಕ್ಕೆ ಬರುತ್ತಾ?" ಸ್ವಲ್ಪ ಬರುತ್ತದೆ. ಆದರೆ ಅಷ್ಟಕ್ಕೇ ಆದರೆ ಕುಸ್ತಿಯ ಮಣ್ಣಿಗೆ ಇಳಿಯುವುದು ಬೇಡ, ಜೋರಾಗಿ ಓಡುವುದನ್ನು ಕಲಿತರೆ ಸಾಕು. ನಾನು ಮೈಸೂರಿನ ಒಂದು ಹಳೆಯ ಗರಡಿ ಸೇರಿದ್ದು ಮೂವತ್ತು ದಾಟಿದ ಮೇಲೆ, ಹೊಟ್ಟೆ ಕರಗಲಿ ಅಂತ. ಅಲ್ಲೇ ಉಳಿದುಕೊಂಡಿದ್ದಕ್ಕೆ ಕಾರಣ ಬೇರೆ. ಈ ವಿದ್ಯೆಯನ್ನು ನಮ್ಮ ಹಿರಿಯರು ಯಾತಕ್ಕೆ ಇಷ್ಟು ಕಷ್ಟಪಟ್ಟು ಸಾಕಿಕೊಂಡು ಬಂದರು ಅನ್ನುವ ಕುತೂಹಲ ತಲೆಗೆ ಹತ್ತಿತು.

ಮೊದಮೊದಲು ಕುಸ್ತಿಯ ಮಾತೇ ಇರಲಿಲ್ಲ. ಉಸ್ತಾದರು ಗುದ್ದಲಿ ಕೈಗಿಟ್ಟು ಮಟ್ಟಿ ಅಗೆಯಲು ಹೇಳಿದರು. ಮಟ್ಟಿ ಅಂದರೆ ಬರೀ ಮಣ್ಣಲ್ಲ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ ಹದ ಮಾಡಿರುತ್ತಾರೆ. ಒಣಗಿದರೆ ಮೊಣಕೈ ತರಚುತ್ತದೆ, ನೀರು ಜಾಸ್ತಿಯಾದರೆ ಕಾಲು ನಿಲ್ಲುವುದಿಲ್ಲ. ದಿನಾ ಅಗೆದು ಸಡಿಲ ಮಾಡದಿದ್ದರೆ ಬಿದ್ದವನ ಬೆನ್ನು ಉಳಿಯುವುದಿಲ್ಲ. ಅಗೆಯುವುದೇ ಒಂದು ಸಾಮು. ಸೊಂಟ, ಭುಜ, ಹಿಡಿತ ಮೂರಕ್ಕೂ ಕೆಲಸ.

ಆಮೇಲೆ ದಂಡ, ಬಸ್ಕಿ, ಗದೆ ತಿರುಗಿಸುವುದು. ಎಲ್ಲಕ್ಕಿಂತ ಬೇಸರ ತರಿಸಿದ್ದು ಕತ್ತಿನ ಸಾಮು. ಅಂಗಾತ ಮಲಗಿ, ನೆತ್ತಿ ಮತ್ತು ಪಾದ ಮಾತ್ರ ಊರಿ, ಮೈಯನ್ನು ಬಿಲ್ಲಿನ ಹಾಗೆ ಎತ್ತಿ ಹಿಂದೆ ಮುಂದೆ ತೂಗಬೇಕು. ಯಾಕಿಷ್ಟು ಕತ್ತಿನ ಉಪಚಾರ ಅಂತ ಗೊತ್ತಾದದ್ದು ಜೋಡಿ ಹಿಡಿದ ಮೇಲೆ. ನಾಡಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಅಲ್ಲಿಗೆ ಆಟ ಮುಗಿಯಿತು. ಕೈ ಕಾಲು ಎಲ್ಲ ಎದುರಾಳಿಯ ಹಿಡಿತದಲ್ಲಿ ಸಿಕ್ಕಿಬಿದ್ದಾಗ, ಬೆನ್ನು ನೆಲ ಮುಟ್ಟದಂತೆ ತಡೆಯುವುದು ಕತ್ತೊಂದೇ.

ಪಟ್ಟು ಹಾಕುವುದನ್ನು ಹೇಳಿಕೊಟ್ಟಷ್ಟೇ ಹೊತ್ತು ಬಿಡುವುದನ್ನೂ ಹೇಳಿಕೊಟ್ಟರು. ಎದುರಿನವನು ನೆಲ ತಟ್ಟಿದರೆ, "ಬಿಡಪ್ಪ, ಕೈ ಬಿಡು" ಅಂತ ಉಸ್ತಾದರ ದನಿ ಬರುವ ಮೊದಲೇ ಬಿಟ್ಟಿರಬೇಕು. ಗುದ್ದುವ ಹಾಗಿಲ್ಲ. ಬೆರಳು ತಿರುಚುವ ಹಾಗಿಲ್ಲ, ಕಣ್ಣಿಗೆ ಕೈ ಹಾಕುವ ಹಾಗಿಲ್ಲ. ನಿಜವಾದ ಜಗಳದಲ್ಲಿ ಕೆಲಸಕ್ಕೆ ಬರುವುದೆಲ್ಲ ಇಲ್ಲಿ ನಿಷೇಧ! ಹಾಗಾದರೆ ಇದು ಯಾವ ಸೀಮೆಯ ಕಾಳಗ ಕಲೆ ಅನ್ನಿಸಿತು. ಹಳೆಯ ಸಂಗತಿ ಹುಡುಕಿ ಓದಲು ಶುರುಮಾಡಿದ್ದು ಆಗಲೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜಗತ್ತಿನ ಕಾಳಗ ವಿದ್ಯೆಯೆಲ್ಲ ನಮ್ಮಿಂದಲೇ ಹೋಯಿತು ಅನ್ನುವ ವಾಟ್ಸಾಪ್ ಕಥೆ ನನಗೆ ರುಚಿಸುವುದಿಲ್ಲ. ಈಜಿಪ್ಟಿನ ಬೆನಿ ಹಸನ್ ಗೋರಿಗಳ ಗೋಡೆಯ ಮೇಲೆ ಸುಮಾರು 4000 ವರ್ಷಗಳ ಹಿಂದೆಯೇ ಕುಸ್ತಿ ಜೋಡಿಗಳ ಚಿತ್ರ ಬರೆದಿದ್ದಾರೆ. ಗ್ರೀಕರ ಒಲಿಂಪಿಕ್ಸ್‌ಗೆ ಕುಸ್ತಿ ಸೇರಿದ್ದು ಕ್ರಿ.ಪೂ. 708ರಲ್ಲಿ. ಮನುಷ್ಯ ಇದ್ದ ಕಡೆಯಲ್ಲೆಲ್ಲ ತೆಕ್ಕೆ ಬೀಳುವುದು ಇತ್ತು, ಅಷ್ಟೇ.

ನಮ್ಮಲ್ಲಿ ಹೆಮ್ಮೆಪಡಲು ಬೇರೆ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರಿಗೇ ಒಂದು ಭಾಗವಿದೆ. ಅದು ಯುದ್ಧದ ಪಾಠದಲ್ಲಿಲ್ಲ, ಅರಸನ ವಿನೋದಗಳ ನಡುವೆ ಬರುತ್ತದೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ವಿಂಗಡಿಸುತ್ತಿದ್ದರು. ಅವರ ಊಟದ ಖರ್ಚು ಅರಮನೆಯದು. ಅಂದರೆ ಆಗಲೇ ಕುಸ್ತಿ ಒಂದು ನೌಕರಿ, ನೋಡುವವರಿಗೆ ಮನರಂಜನೆ.

ವಿಜಯನಗರಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಸುಮಾರು 1520ರಲ್ಲಿ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನ ಬೆಳಗನ್ನು ಬರೆದಿಟ್ಟಿದ್ದಾನೆ. ನಸುಕಿಗೆ ಮುಂಚೆ ಎದ್ದು ಎಳ್ಳೆಣ್ಣೆ ಕುಡಿಯುವುದು, ಮೈಗೂ ಎಣ್ಣೆ ಹಚ್ಚಿಕೊಳ್ಳುವುದು, ಭಾರ ಎತ್ತುವುದು, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ಬೀಸುವುದು, ಆಮೇಲೆ ಒಬ್ಬ ಜಟ್ಟಿಯ ಜೊತೆ ಕುಸ್ತಿ, ಕೊನೆಗೆ ಕುದುರೆ. ಅಲ್ಲಿ ಕುಸ್ತಿಯ ಜಾಗ ಕತ್ತಿಗೂ ಕುದುರೆಗೂ ನಡುವೆ. ಇದನ್ನು ಓದಿ ನಾನೂ ಎಣ್ಣೆ ಹಚ್ಚಿ ಸಾಮು ಮಾಡಿ ನೋಡಿದೆ, ಮೈ ಚೆನ್ನಾಗಿ ಸಡಿಲವಾಗುತ್ತದೆ. ಕುಡಿಯುವ ಧೈರ್ಯ ಮಾತ್ರ ಬರಲಿಲ್ಲ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮೂರಲ್ಲೇ. ವಿಜಯದಶಮಿಯ ದಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಮೊನೆಯುಳ್ಳ ಆಯುಧ ತೊಟ್ಟು ಎದುರಾಗುತ್ತಾರೆ. ಒಬ್ಬನ ತಲೆಯಿಂದ ರಕ್ತ ಬಂದ ಕೂಡಲೇ ನಿಲ್ಲಿಸುತ್ತಾರೆ, ಕೆಲವು ಸಲ ನಿಮಿಷವೂ ಹಿಡಿಯುವುದಿಲ್ಲ. ಅದೇ ದಸರೆಗೆ ದೊಡ್ಡಕೆರೆ ಮೈದಾನದ ಕಡೆ ನಾಡಕುಸ್ತಿ. ಅಲ್ಲಿ ರಕ್ತ ಬಂದರೆ ಕುಸ್ತಿ ನಿಲ್ಲಿಸಿ ಗಾಯ ನೋಡುತ್ತಾರೆ. ಒಂದೇ ಊರು, ಒಂದೇ ಹಬ್ಬ. ವಜ್ರಮುಷ್ಟಿಗೆ ರಕ್ತ ಬೇಕು, ಕುಸ್ತಿಗೆ ಬೆನ್ನಿಗೆ ಮಣ್ಣು ಹತ್ತಿದರೆ ಸಾಕು. ಗುದ್ದು, ತಿರುಚು ಎಲ್ಲವನ್ನೂ ಬೇಕೆಂದೇ ಹೊರಗಿಟ್ಟು ಮಾಡಿದ ಕಾಳಗ ನಮ್ಮದು. ಹಾಗಾಗಿಯೇ ಬಡಗಿ, ಹಾಲಿನವನು, ಟೀ ಅಂಗಡಿಯವನು ಪೂರ್ತಿ ಬಲ ಹಾಕಿ ಹೊಡೆದಾಡಿಯೂ ಒಂಬತ್ತಕ್ಕೆ ಕೆಲಸಕ್ಕೆ ಹೋಗಬಹುದು. ಜಟ್ಟಿ ಮನೆತನಗಳು ಮೂಳೆ ಕೂಡಿಸುವುದಕ್ಕೆ, ಉಳುಕು ತೆಗೆಯುವುದಕ್ಕೆ ಹೆಸರಾಗಿರುವುದೂ ಸುಮ್ನೆ ಅಲ್ಲ. ನನ್ನ ಭುಜ ಎರಡು ತಿಂಗಳು ಮೇಲೇಳದಿದ್ದಾಗ ಎಣ್ಣೆ ನೀವಿ ಸರಿಮಾಡಿದ್ದು ಗರಡಿಯ ಹಿರಿಯರೇ.

ಈಗ ಮಣ್ಣಿನ ಜಾಗಕ್ಕೆ ಮ್ಯಾಟ್ ಬಂದಿದೆ. ಮೂರು ಮೂರು ನಿಮಿಷದ ಎರಡು ಸುತ್ತು, ಅಂಕಗಳ ಲೆಕ್ಕ. ಮಣ್ಣಿನವರಿಗೆ ಅದು ಅವಸರದ ಆಟ ಅನ್ನಿಸುತ್ತದೆ. ಆದರೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಕೆ.ಡಿ. ಜಾಧವ್ ಮಹಾರಾಷ್ಟ್ರದ ಮಣ್ಣಿನ ಅಖಾಡದಿಂದಲೇ ಹೋದವರು. ಎರಡೂ ಇರಲಿ ಅನ್ನುವವನು ನಾನು.

ಒಂದು ವಿಷಯದಲ್ಲಿ ಮಾತ್ರ ಮ್ಯಾಟ್ ಪರ. ಎಷ್ಟೋ ಹಳೆಯ ಗರಡಿಗಳಲ್ಲಿ ಹೆಣ್ಣುಮಕ್ಕಳಿಗೆ ಇಂದಿಗೂ ಪ್ರವೇಶವಿಲ್ಲ, ಕೇಳಿದರೆ ಸಂಪ್ರದಾಯ ಅನ್ನುತ್ತಾರೆ. ವಿಜಯನಗರದ ಅರಮನೆಯಲ್ಲಿ ಕುಸ್ತಿ ಮಾಡುವ ಹೆಂಗಸರಿದ್ದರು ಅಂತ ಪಾಯಸ್ ನಂತರ ಬಂದ ನೂನಿಜ್ ಬರೆದಿದ್ದಾನೆ. ಅದು ಯಾವ ಸಂಪ್ರದಾಯ ಹಾಗಾದರೆ? ಉತ್ತರ ಕನ್ನಡದ ಹಳಿಯಾಳದ ಕಡೆ ಹುಡುಗಿಯರು ಜೋರಾಗಿ ಕುಸ್ತಿ ಆಡುತ್ತಿದ್ದಾರೆ. ನನ್ನ ಮಗಳೂ ಈ ವರ್ಷ ಮ್ಯಾಟ್ ಕ್ಲಾಸಿಗೆ ಸೇರಿದ್ದಾಳೆ. ಪಟ್ಟುಗಳನ್ನು ಕೋಚ್ ನೋಡಿಕೊಳ್ಳುತ್ತಾರೆ, ಕತ್ತಿನ ಸಾಮು ಮಾತ್ರ ಮನೆಯಲ್ಲಿ ನಾನೇ ಮಾಡಿಸುತ್ತೇನೆ. "ಬೋರು ಅಪ್ಪಾ" ಅಂತ ದಿನಾ ಗೊಣಗುತ್ತಾಳೆ.